ಮಂಗನ ಕಾಯಿಲೆಗೆ ಮದ್ದು ಹುಡುಕಬೇಕು, ಮೊದಲು ಕೆಮಿಸ್ಟ್ರಿ ಲ್ಯಾಬಿನ ಬೀಗ ತೆಗೆಸಿಕೊಡಿ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ ಮತ್ತು ಶಾಲಾ ಶಿಕ್ಷಣ ಸಚಿವರಿಗೆ,

ನಮಸ್ಕಾರ.

ನಾನು ಸಾಗರ ತಾಲೂಕಿನ ಹಳ್ಳಿಯೊಂದರ ಹುಡುಗಿ. ಈ ವರ್ಷ ದ್ವಿತೀಯ ಪಿಯುಸಿ ಮುಗಿಸಿದ್ದೇನೆ, ಪಿಸಿಎಂಬಿ. ಮುಂದೆ ಕೆಮಿಸ್ಟ್ರಿ ಓದಬೇಕು. ಬಿಎಸ್ಸಿ, ಆಮೇಲೆ ಎಂಎಸ್ಸಿ, ಆಮೇಲೆ ಪಿಎಚ್‌ಡಿ. ಹೊಸ ಮದ್ದು ಕಂಡುಹಿಡಿಯುವ ಕೆಲಸ ಮಾಡಬೇಕು ಅಂತ ಆಸೆ. ಯಾವ ಮದ್ದು ಅಂತಲೂ ಗೊತ್ತು. ಮಂಗನ ಕಾಯಿಲೆಯದ್ದು. ಪತ್ರ ನಿಮ್ಮಿಬ್ಬರಿಗೂ ಯಾಕೆ ಅಂದರೆ ಪಿಯು ಕಾಲೇಜು ಒಬ್ಬರ ಕೈಯಲ್ಲಿದೆ, ಡಿಗ್ರಿ ಕಾಲೇಜು ಇನ್ನೊಬ್ಬರ ಕೈಯಲ್ಲಿದೆ, ನನ್ನ ದಾರಿ ಎರಡನ್ನೂ ದಾಟಿಯೇ ಹೋಗಬೇಕು. ಬಹಿರಂಗವಾಗಿ ಬರೆಯುತ್ತಿರುವುದು ಯಾಕೆ ಅಂದರೆ ನನ್ನ ಹಾಗೆ ಕೇಳಬೇಕು ಅನ್ನಿಸಿದವರು ನಮ್ಮ ಕ್ಲಾಸಿನಲ್ಲೇ ನಾಲ್ಕೈದು ಜನ ಇದ್ದರು. ಯಾರನ್ನು ಕೇಳಬೇಕು ಅಂತ ಗೊತ್ತಾಗದೆ ಸುಮ್ನೆ ಉಳಿದರು.

ಮೊದಲು ನಮ್ಮ ದೊಡ್ಡಪ್ಪನ ವಿಷಯ ಹೇಳುತ್ತೇನೆ.

2019ರ ಜನವರಿ. ನಾನು ಆರನೇ ಕ್ಲಾಸು. ಆ ವರ್ಷ ನಮ್ಮ ತಾಲೂಕಿನ ಅರಳಗೋಡು ಕಡೆ ಮಂಗನ ಕಾಯಿಲೆ ಜೋರಾಗಿತ್ತು, ಪೇಪರಿನಲ್ಲಿ ದಿನಾ ಬರುತ್ತಿತ್ತು. ದೊಡ್ಡಪ್ಪ ಸೊಪ್ಪಿನ ಬೆಟ್ಟಕ್ಕೆ ದರಗು, ಅಂದರೆ ಉದುರಿದ ಒಣ ಎಲೆ, ತರೋಕೆ ಹೋಗಿದ್ದರು. ಹೋಗದೆ ಇರೋಕೆ ಆಗಲ್ಲ, ತೋಟಕ್ಕೂ ಕೊಟ್ಟಿಗೆಗೂ ದರಗು ಬೇಕೇ ಬೇಕು. ಐದಾರು ದಿನಕ್ಕೆ ಜ್ವರ ಬಂತು. ಕಣ್ಣು ಕೆಂಪಗೆ, ತಲೆ ಒಡೆದು ಹೋಗುವ ನೋವು, ಸೊಂಟ ಎತ್ತೋಕೆ ಆಗುತ್ತಿರಲಿಲ್ಲ. ರಕ್ತ ಟೆಸ್ಟಿಗೆ ಶಿವಮೊಗ್ಗಕ್ಕೆ ಹೋಯಿತು. ಪಾಸಿಟಿವ್ ಅಂತ ಬಂತು. ಘಟ್ಟ ಇಳಿಸಿ ದೊಡ್ಡ ಆಸ್ಪತ್ರೆಗೆ ಸೇರಿಸಿದರು. ಅಲ್ಲಿನ ಡಾಕ್ಟರು ಅಪ್ಪನನ್ನು ಕೂರಿಸಿಕೊಂಡು ನಿಧಾನಕ್ಕೆ ಹೇಳಿದರಂತೆ. ಈ ವೈರಸ್ಸಿಗೆ ಅಂತಲೇ ಇರುವ ಮದ್ದು ಇಲ್ಲ, ಜ್ವರ ಇಳಿಸುತ್ತೇವೆ, ಡ್ರಿಪ್ ಹಾಕುತ್ತೇವೆ, ರಕ್ತ ಬೇಕಾದರೆ ಕೊಡುತ್ತೇವೆ, ಉಳಿದದ್ದನ್ನು ಅವರ ಮೈಯೇ ಮಾಡಿಕೊಳ್ಳಬೇಕು. ಅವರು ಮಾಡಬಹುದಾದ್ದನ್ನೆಲ್ಲ ಮಾಡಿದರು. ಹದಿನಾಲ್ಕನೇ ದಿನ ದೊಡ್ಡಪ್ಪ ತೀರಿಕೊಂಡರು.

ಮದ್ದು ಇಲ್ಲ ಅನ್ನುವ ಮಾತು ನನಗೆ ಆಗ ಅರ್ಥವೇ ಆಗಲಿಲ್ಲ. ಮದ್ದು ಇಲ್ಲ ಅಂದರೆ ಆ ಊರಿನ ಅಂಗಡಿಯಲ್ಲಿ ಇಲ್ಲ, ಬೆಂಗಳೂರಿನಿಂದ ತರಿಸಬೇಕು ಅಂದುಕೊಂಡಿದ್ದೆ. ಇಡೀ ಭೂಮಿಯ ಮೇಲೆ ಎಲ್ಲೂ ಇಲ್ಲ, ಯಾರೂ ಇನ್ನೂ ಮಾಡಿಲ್ಲ ಅಂತ ತಿಳಿದದ್ದು ಹೈಸ್ಕೂಲಿಗೆ ಬಂದ ಮೇಲೆ.

ಈ ಕಾಯಿಲೆ ಗೊತ್ತಾಗಿದ್ದು 1957ರಲ್ಲಿ, ನಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಮಂಗಗಳು ಒಂದೊಂದಾಗಿ ಸತ್ತು ಬೀಳುತ್ತಿದ್ದವು, ಜನರಿಗೂ ಜ್ವರ ಬಂತು, ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ ಅಂತ ಗುರುತು ಹಿಡಿದರು. ಪ್ರಪಂಚದ ಯಾವ ಪುಸ್ತಕದಲ್ಲಿ ನೋಡಿದರೂ ಈ ರೋಗದ ಹೆಸರು ಕ್ಯಾಸನೂರು ಕಾಡಿನ ರೋಗ, ಕೆಎಫ್‌ಡಿ. ಹರಡುವುದು ಉಣುಗಿನಿಂದ, ಮೈಗೆ ಕಚ್ಚಿ ರಕ್ತ ಹೀರುವ ಸಣ್ಣ ಹುಳ ಅದು. ಅದರ ಮರಿ ಎಷ್ಟು ಸಣ್ಣ ಅಂದರೆ ಕಾಲಿನ ಮೇಲೆ ಕೂತರೆ ಎಳ್ಳಿನ ಚೂರು ಅಂದುಕೊಳ್ಳಬೇಕು. ಡಿಸೆಂಬರಿಂದ ಮೇ ತನಕ ಕಾಟ, ಸರಿಯಾಗಿ ಅಡಿಕೆ ಕೊಯ್ಲು, ಸೊಪ್ಪು, ದರಗು, ಸೌದೆ ಅಂತ ನಾವು ಕಾಡಿಗೆ ಹೋಗಲೇಬೇಕಾದ ತಿಂಗಳುಗಳು. ಕಾಯಿಲೆ ಬಂದ ನೂರು ಜನರಲ್ಲಿ ಮೂರರಿಂದ ಐದು ಜನ ಸಾಯುತ್ತಾರೆ. ಈಗ ಅದು ಉತ್ತರ ಕನ್ನಡ, ಚಿಕ್ಕಮಗಳೂರು ಅಷ್ಟೇ ಅಲ್ಲ, ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದ ತನಕ ಹೋಗಿದೆ.

ಲಸಿಕೆ ಇತ್ತು. ನಾನೂ ಹಾಕಿಸಿಕೊಂಡಿದ್ದೆ. ಎರಡು ದಿನ ಕೈ ಎತ್ತೋಕೆ ಆಗುತ್ತಿರಲಿಲ್ಲ, ಅಷ್ಟು ನೋವು. ಒಂದು ತಿಂಗಳ ಅಂತರದಲ್ಲಿ ಎರಡು ಸಲ, ಆಮೇಲೆ ಬೂಸ್ಟರ್. ಅದು ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ 2022ರಲ್ಲಿ ನಿಲ್ಲಿಸಿದರು. ಹೊಸ ಲಸಿಕೆಗೆ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಕಡೆಯಿಂದ ಕೆಲಸ ನಡೆಯುತ್ತಿದೆ, ಬೇಗ ಬರಲಿ. ಆದರೆ ಲಸಿಕೆ ಬೇರೆ, ಮದ್ದು ಬೇರೆ. ಲಸಿಕೆ ಜ್ವರ ಬರುವ ಮೊದಲು ಕಾಯುತ್ತದೆ. ಜ್ವರ ಬಂದು ಹಾಸಿಗೆ ಹಿಡಿದವರಿಗೆ, ಮೊದಲ ವಾರದಲ್ಲಿ ವೈರಸ್ ರಕ್ತದಲ್ಲಿ ಹೆಚ್ಚುತ್ತಾ ಇರುವಾಗ, ಅದನ್ನು ಅಲ್ಲೇ ತಡೆಯುವ ಮಾತ್ರೆ ಬೇಕು. ದೊಡ್ಡಪ್ಪನಿಗೆ ಬೇಕಾಗಿದ್ದದ್ದು ಅದು.

ಈಗ ಎಲ್ಲರೂ ಕೇಳುವ ಪ್ರಶ್ನೆ. ಅಷ್ಟು ಆಸೆ ಇದ್ದರೆ ನೀಟ್ ಬರೆದು ಡಾಕ್ಟರ್ ಆಗು, ಕೆಮಿಸ್ಟ್ರಿ ಯಾಕೆ? ನೆಂಟರು, ಪಕ್ಕದ ಮನೆಯವರು, ಬಸ್ಸಿನಲ್ಲಿ ಸಿಕ್ಕವರು, ಎಲ್ಲರದ್ದೂ ಇದೇ. ಬಿಎಸ್ಸಿ ಮಾಡಿ ಏನು ಮಾಡುತ್ತೀಯ, ಮೇಷ್ಟ್ರಾಗುತ್ತೀಯಾ? ಬಿಫಾರ್ಮ್ ಆದರೂ ಮಾಡು, ಅಂಗಡಿ ಇಡಬಹುದು. ಅವರ ಮೇಲೆ ಬೇಜಾರಿಲ್ಲ. ಒಳ್ಳೆಯದಕ್ಕೇ ಹೇಳುತ್ತಾರೆ. ಆದರೆ ಇರುವ ಮದ್ದನ್ನು ಸರಿಯಾಗಿ ಕೊಡುವ ಕೆಲಸ ಡಾಕ್ಟರದ್ದು. ಇಲ್ಲದ ಮದ್ದಿನ ಅಣುವನ್ನು ಮೊದಲ ಸಲ ಕಟ್ಟುವ ಕೆಲಸ ಕೆಮಿಸ್ಟ್‌ದು. ನನಗೆ ಆ ಕೆಲಸ ಬೇಕು.

ಹೆಪಟೈಟಿಸ್ ಸಿ ಅಂತ ಲಿವರಿನ ಕಾಯಿಲೆ ಇದೆಯಲ್ಲ, ಅದಕ್ಕೆ ಸೊಫೊಸ್ಬುವಿರ್ ಅನ್ನುವ ಮಾತ್ರೆ ಇದೆ. 2013ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅಲ್ಲಿತನಕ ತಿಂಗಳುಗಟ್ಟಲೆ ಇಂಜೆಕ್ಷನ್ ತಗೊಂಡು ಒದ್ದಾಡುತ್ತಿದ್ದ ಜನ ಈಗ ಬೇರೆ ಒಂದು ಮಾತ್ರೆಯ ಜೊತೆ ಇದನ್ನು ಮೂರು ತಿಂಗಳು ನುಂಗಿದರೆ ಹೆಚ್ಚಿನವರಿಗೆ ವಾಸಿಯಾಗುತ್ತದೆ. ಇದು ಕೆಲಸ ಮಾಡುವ ರೀತಿ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ವೈರಸ್ ತನ್ನ ನಕಲು ಮಾಡಿಕೊಳ್ಳೋಕೆ ಆರ್‌ಎನ್‌ಎಯ ಸಣ್ಣ ಸಣ್ಣ ತುಂಡುಗಳನ್ನು ಸಾಲಾಗಿ ಜೋಡಿಸುತ್ತಾ ಹೋಗುತ್ತದೆ. ಈ ಮದ್ದು ಅಂಥದ್ದೇ ಒಂದು ತುಂಡಿನ ಹಾಗೆ ಕಾಣುತ್ತದೆ. ವೈರಸ್ಸಿನ ಎಂಜೈಮು ಅದನ್ನು ಎತ್ತಿ ಸಾಲಿನಲ್ಲಿ ಇಟ್ಟುಕೊಳ್ಳುತ್ತದೆ. ಅಲ್ಲಿಗೆ ಸಾಲು ಮುಂದೆ ಹೋಗಲ್ಲ, ನಕಲು ನಿಂತಿತು. ಆದರೆ ಆ ತುಂಡಿಗೆ ಫಾಸ್ಫೇಟ್ ಅಂಟಿಕೊಂಡಿದ್ದರೆ ಅದು ಜೀವಕೋಶದ ಪೊರೆ ದಾಟಲ್ಲ. ಅದಕ್ಕೆ ಕೆಮಿಸ್ಟರು ಫಾಸ್ಫೇಟಿಗೆ ಒಂದು ಹೊದಿಕೆ ಹೊದಿಸಿ ಒಳಗೆ ಕಳಿಸಿದರು. ಒಳಗೆ ಹೋದ ಮೇಲೆ ಲಿವರೇ ಆ ಹೊದಿಕೆಯನ್ನು ತೆಗೆಯುತ್ತದೆ. ಆ ಮದ್ದಿನ ಹೆಸರು ಬಂದದ್ದೂ ಅದನ್ನು ಮಾಡಿದ ಕೆಮಿಸ್ಟ್ ಮೈಕೆಲ್ ಸೋಫಿಯಾ ಹೆಸರಿನಿಂದ.

ಇದನ್ನು ಇಷ್ಟು ಉದ್ದ ಯಾಕೆ ಹೇಳಿದೆ ಅಂದರೆ ಹೆಪಟೈಟಿಸ್ ಸಿ ವೈರಸ್ ಮತ್ತು ನಮ್ಮ ಮಂಗನ ಕಾಯಿಲೆಯ ವೈರಸ್ ದೂರದ ಸಂಬಂಧಿಕರು. ದೊಡ್ಡ ಕುಟುಂಬ ಒಂದೇ. ನಮ್ಮ ವೈರಸ್ಸಿನಲ್ಲೂ ನಕಲು ಮಾಡುವ ಎಂಜೈಮು ಇದೆ. ಅದಕ್ಕೆ ಇದೇ ಮಾತ್ರೆ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ, ಅಷ್ಟು ಸುಲಭ ಇರಲ್ಲ. ಆದರೆ ಇಂಥ ವೈರಸ್ಸನ್ನು ಕೆಮಿಸ್ಟ್ರಿಯಿಂದ ನಿಲ್ಲಿಸೋಕೆ ಆಗುತ್ತದೆ ಅಂತ ತೋರಿಸಿ ಆಗಿದೆ, ಅಲ್ವಾ?

ಇನ್ನೊಂದು ವಸ್ತು ನಮ್ಮ ಮನೆಯಲ್ಲೇ ಇದೆ. ಜಗುಲಿಯ ಗೂಡಿನಲ್ಲಿ, ಕತ್ತಿಯ ಪಕ್ಕ, ಡೆಪಾ ಎಣ್ಣೆಯ ಸಣ್ಣ ಬಾಟಲಿ. ಕಾಡಿಗೆ ಹೋಗುವ ಮೊದಲು ಕೈಕಾಲಿಗೆ ಹಚ್ಚಿಕೊಳ್ಳಿ, ಉಣುಗು ಹತ್ತಲ್ಲ ಅಂತ ಆಶಾ ಕಾರ್ಯಕರ್ತೆ ಮನೆಮನೆಗೆ ಕೊಟ್ಟು ಹೋಗುತ್ತಾರೆ. ಮೊದಲು ಡಿಎಂಪಿ ಎಣ್ಣೆ ಕೊಡುತ್ತಿದ್ದರು, ಈಗ ಇದು. ಡೆಪಾ ಅಂದರೆ ಏನು ಅಂತ ಹುಡುಕಿ ನೋಡಿದೆ. ಡೈಈಥೈಲ್ ಫಿನೈಲ್ ಅಸೆಟಮೈಡ್. ಬೇರೆ ದೇಶಗಳಲ್ಲಿ ಸೊಳ್ಳೆ, ಉಣುಗು ಓಡಿಸೋಕೆ ಡೀಟ್ ಅಂತ ಬಳಸುತ್ತಾರೆ. ಎರಡರ ಸೂತ್ರವನ್ನೂ ನೋಟ್‌ಬುಕ್ಕಿನಲ್ಲಿ ಬರೆದು ಎಣಿಸಿದೆ. ಡೀಟ್‌ನಲ್ಲಿ 12 ಕಾರ್ಬನ್, 17 ಹೈಡ್ರೋಜನ್, ಒಂದು ನೈಟ್ರೋಜನ್, ಒಂದು ಆಕ್ಸಿಜನ್. ಡೆಪಾದಲ್ಲೂ ಅಷ್ಟೇ! ಒಂದು ಕಾರ್ಬನ್ ಕೂತಿರುವ ಜಾಗ ಮಾತ್ರ ಬೇರೆ. ನಾವು ಕ್ಲಾಸಿನಲ್ಲಿ ಐಸೋಮರ್ ಅಂತ ಬಾಯಿಪಾಠ ಮಾಡಿದ್ದು ಇದನ್ನೇ. ಡೀಟ್ ಮಾಡೋಕೆ ಬೇಕಾದ ಕಚ್ಚಾ ವಸ್ತು ನಮ್ಮ ದೇಶದಲ್ಲಿ ಸಿಗುತ್ತಿರಲಿಲ್ಲ ಅಂತ, ಇಲ್ಲಿ ಸಿಗುವುದರಿಂದಲೇ ಕಡಿಮೆ ಖರ್ಚಿನಲ್ಲಿ ಆಗಲಿ ಅಂತ, ಗ್ವಾಲಿಯರಿನ ರಕ್ಷಣಾ ಸಂಶೋಧನಾ ಲ್ಯಾಬಿನವರು ಡೆಪಾವನ್ನು ತಯಾರು ಮಾಡಿದರು. ಸರ್ಕಾರಿ ಲ್ಯಾಬು, ನಮ್ಮ ದೇಶದ ಕೆಮಿಸ್ಟರು. ಅದು ಈಗ ನಮ್ಮ ಜಗುಲಿಯಲ್ಲಿದೆ, ಅಪ್ಪ ದಿನಾ ಹಚ್ಚಿಕೊಂಡು ಹೋಗುತ್ತಾರೆ.

ಅಪ್ಪನ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ನನಗೆ ಮೊದಲು ಕೆಮಿಸ್ಟ್ರಿ ಕಲಿಸಿದ್ದು ಅಪ್ಪ. ಅವರು ಓದಿದ್ದು ಏಳನೇ ಕ್ಲಾಸು. ಪ್ರತಿ ಮಳೆಗಾಲದಲ್ಲಿ ಅಡಿಕೆಗೆ ಕೊಳೆ ಮದ್ದು ಹೊಡೆಯಬೇಕಲ್ಲ, ನೂರು ಲೀಟರ್ ನೀರಿಗೆ ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ. ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸುತ್ತಾರೆ. ಸೇರಿಸಿದ ಮೇಲೆ ಅಪ್ಪ ಚಾಕುವನ್ನು ಒಂದು ನಿಮಿಷ ಅದರಲ್ಲಿ ಅದ್ದಿ ಎತ್ತಿ ನೋಡುತ್ತಾರೆ. ಚಾಕುವಿನ ಅಲಗು ಕೆಂಪಾದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಅಲಗು ಹಾಗೇ ಬೆಳ್ಳಗಿದ್ದರೆ ಮದ್ದು ಸರಿಯಾಗಿದೆ. ಫಸ್ಟ್ ಪಿಯುಸಿಯಲ್ಲಿ ರೆಡಾಕ್ಸ್ ಪಾಠ ಬಂದಾಗ ನಾನು ಕೂತಲ್ಲೇ ಬೆಚ್ಚಿಬಿದ್ದೆ. ಚಾಕುವಿನ ಕಬ್ಬಿಣ ಕರಗಿ ಮೈಲುತುತ್ತದಲ್ಲಿರುವ ತಾಮ್ರ ಅದರ ಮೇಲೆ ಕೂರುತ್ತದೆ, ಅದೇ ಚಾಕುವಿನ ಕೆಂಪು!

ಆ ಕೊಳೆ ಮದ್ದು ಮಲೆನಾಡಿಗೆ ಬಂದದ್ದು ಹೇಗೆ ಗೊತ್ತಾ? ನೂರು ವರ್ಷಕ್ಕೂ ಹಿಂದೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿ ಲೆಸ್ಲಿ ಕೋಲ್ಮನ್ ಅನ್ನುವ ಕೆನಡಾದ ವಿಜ್ಞಾನಿ ಇದ್ದರು. ಅಡಿಕೆಯ ಕೊಳೆ ರೋಗದ ಮೇಲೆ ಕೆಲಸ ಮಾಡಿ, ಬೋರ್ಡೋ ದ್ರಾವಣ, ಅಂದರೆ ಇದೇ ಕೊಳೆ ಮದ್ದು, ಹೊಡೆಯೋದನ್ನು ನಮ್ಮ ರೈತರಿಗೆ ಹೇಳಿಕೊಟ್ಟರು. ಸರ್ಕಾರದ ಸಂಬಳದಲ್ಲಿದ್ದ ವಿಜ್ಞಾನಿ, ನಮ್ಮ ತೋಟದ ರೋಗ, ಇವತ್ತಿಗೂ ಬಳಸುವ ಮದ್ದು. ತೋಟದ ರೋಗಕ್ಕೆ ಆಗ ಆದದ್ದು ತೋಟದವರ ರೋಗಕ್ಕೆ ಈಗ ಯಾಕೆ ಆಗಬಾರದು ಅಂತ ನಾನು ಕೇಳುತ್ತಿದ್ದೇನೆ.

ಇನ್ನು ನಾನು ಓದಿದ ಲ್ಯಾಬಿನ ವಿಷಯ. ಯಾವ ಕಾಲೇಜು ಅಂತ ಬರೆಯುವುದಿಲ್ಲ, ಅಲ್ಲಿನ ಲೆಕ್ಚರರ್ ನನಗೆ ದೇವರ ಸಮಾನ, ಅವರಿಗೆ ತೊಂದರೆ ಆಗಬಾರದು. ಲ್ಯಾಬ್ ಇದೆ. ಬೀಗ ಹಾಕಿರುತ್ತಾರೆ. ಅಟೆಂಡರ್ ಪೋಸ್ಟ್ ಖಾಲಿ, ತೊಳೆಯುವವರು ಇಲ್ಲ, ಒಡೆದರೆ ಲೆಕ್ಕ ಕೊಡುವವರು ಯಾರು ಅಂತ ಭಯ. ಆಸಿಡ್ ಬಾಟಲಿಗಳ ಲೇಬಲ್ ಹೊಗೆಗೆ ಸುಟ್ಟು ಅಕ್ಷರ ಹೋಗಿದೆ. ಎರಡು ವರ್ಷದಲ್ಲಿ ನಾವು ಆ ಬಾಗಿಲು ದಾಟಿ ಒಳಗೆ ಹೋದದ್ದು ಒಂಬತ್ತು ದಿನ. ನಾನು ತಾರೀಖು ಬರೆದಿಟ್ಟಿದ್ದೇನೆ. ಪ್ರಾಕ್ಟಿಕಲ್‌ಗೆ 30 ಅಂಕ ಇದೆ, ಆದರೆ ಹೆಚ್ಚಿನದನ್ನು ನಾವು ಬೋರ್ಡ್ ಮೇಲೆ ಕಲಿತೆವು. ನೈಟ್ರೇಟಿಗೆ ಕಂದು ಉಂಗುರ ಬರುತ್ತದೆ ಅಂತ ಬರೆದುಕೊಂಡೆವು. ಆ ಉಂಗುರವನ್ನು ನಾನು ಇವತ್ತಿನ ತನಕ ಕಣ್ಣಿನಿಂದ ನೋಡಿಲ್ಲ.

ಒಳಗೆ ಹೋದ ಒಂಬತ್ತು ದಿನದಲ್ಲಿ ಒಂದು ದಿನದ ಬಗ್ಗೆ ಹೇಳಲೇಬೇಕು. ಟೈಟ್ರೇಷನ್. ಬ್ಯುರೆಟ್ಟಿನಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟ್, ಕೆಳಗಿನ ಫ್ಲಾಸ್ಕಿನಲ್ಲಿ ಬಿಸಿ ಮಾಡಿದ ಆಕ್ಸಾಲಿಕ್ ಆಸಿಡ್. ಒಂದು ಬ್ಯುರೆಟ್ಟಿಗೆ ಹನ್ನೆರಡು ಜನ. ಅದರ ನಲ್ಲಿ ಸೋರುತ್ತಿತ್ತು, ವ್ಯಾಸಲೀನ್ ಮೆತ್ತಿದ್ದರು. ನನ್ನ ಸರದಿ ಬಂದಾಗ ಮೊದಲ ಹನಿ ಬಿಟ್ಟೆ. ನೇರಳೆ ಬಣ್ಣ ಹಾಗೇ ನಿಂತುಬಿಟ್ಟಿತು. ಫ್ಲಾಸ್ಕ್ ತಿರುಗಿಸುತ್ತಾ ಇದ್ದೆ, ಹೋಗಲೇ ಇಲ್ಲ, ತಪ್ಪು ಮಾಡಿದೆನೇನೋ ಅಂತ ಎದೆ ಹೊಡೆದುಕೊಳ್ಳುತ್ತಿತ್ತು. ಸ್ವಲ್ಪ ಹೊತ್ತಿಗೆ ಮೆಲ್ಲಗೆ ಮಾಯವಾಯಿತು. ಎರಡನೇ ಹನಿ ಅದಕ್ಕಿಂತ ಬೇಗ. ನಾಲ್ಕನೇದು, ಐದನೇದು ಬಿದ್ದ ಕೂಡಲೇ ಮಾಯ. ಯಾಕೆ ಸಾರ್ ಅಂತ ಕೇಳಿದೆ. ಮೊದಲ ಹನಿ ಕರಗಿದಾಗ ಹುಟ್ಟುವ ಮ್ಯಾಂಗನೀಸ್ ಅಯಾನ್ ಮುಂದಿನ ಹನಿಗಳಿಗೆ ತಾನೇ ವೇಗವರ್ಧಕ ಆಗುತ್ತದೆ ಅಂದರು. ಅಂದರೆ ಆ ಕ್ರಿಯೆ ತನಗೆ ಬೇಕಾದ ಸಹಾಯವನ್ನು ತಾನೇ ಹುಟ್ಟಿಸಿಕೊಳ್ಳುತ್ತಿದೆ! ಕೊನೆಗೆ ಒಂದೇ ಒಂದು ಹನಿ ಜಾಸ್ತಿ ಬಿದ್ದಾಗ ಇಡೀ ಫ್ಲಾಸ್ಕು ತೆಳು ಗುಲಾಬಿ. ಬೋರ್ಡ್ ಮೇಲೆ ಇದನ್ನು ಹೇಳಬಹುದು, ತೋರಿಸೋಕೆ ಆಗಲ್ಲ. ಕೈಯಲ್ಲಿ ಫ್ಲಾಸ್ಕ್ ಹಿಡಿದು, ಹೋಗುತ್ತೋ ಇಲ್ಲವೋ ಅಂತ ಕಾದವರಿಗೆ ಮಾತ್ರ ಪ್ರಶ್ನೆ ಹುಟ್ಟುತ್ತದೆ. ನನ್ನ ಹಿಂದೆ ಸಾಲಿನಲ್ಲಿದ್ದ ಆರು ಜನರ ಸರದಿ ಬರುವಷ್ಟರಲ್ಲಿ ಬೆಲ್ ಹೊಡೆಯಿತು. ಅವರು ನನ್ನ ರೀಡಿಂಗ್ ನೋಡಿ ಬರೆದುಕೊಂಡರು.

ಪಾಠದ ವಿಷಯವೂ ಒಂದಿದೆ. ಊರಿನ ಅಕ್ಕ ಒಬ್ಬಳು ತನ್ನ ಹಳೆಯ ಪಿಯುಸಿ ಪುಸ್ತಕ ಕೊಟ್ಟಳು. ಅದರ ಕೊನೆಯಲ್ಲಿ ಹದಿನಾರನೇ ಪಾಠ, ದಿನನಿತ್ಯದ ಬದುಕಿನಲ್ಲಿ ಕೆಮಿಸ್ಟ್ರಿ ಅಂತ. ಮದ್ದು ಹೇಗೆ ಕೆಲಸ ಮಾಡುತ್ತದೆ, ಎಂಜೈಮಿನ ಸಂದಿಯಲ್ಲಿ ಹೇಗೆ ಕೂರುತ್ತದೆ, ಹೊಟ್ಟೆ ಉರಿಯ ಮಾತ್ರೆ ಹೇಗೆ ಬಂತು, ಪಾಲ್ ಎರ್ಲಿಕ್ ಬಣ್ಣಗಳನ್ನು ನೋಡುತ್ತಾ ನೋಡುತ್ತಾ ಸಿಫಿಲಿಸ್ ರೋಗಕ್ಕೆ ಮದ್ದಿನ ದಾರಿ ಹೇಗೆ ಹಿಡಿದರು, ಎಲ್ಲ ಅದರಲ್ಲಿತ್ತು. ರಾತ್ರಿ ಕೂತು ಮೂರು ಸಲ ಓದಿದೆ. ನಮ್ಮ ಹೊಸ ಪುಸ್ತಕದಲ್ಲಿ ಆ ಪಾಠ ಇಲ್ಲ. ಎನ್‌ಸಿಇಆರ್‌ಟಿಯವರು ಪಾಠದ ಹೊರೆ ಇಳಿಸುವಾಗ ಅದನ್ನೂ ತೆಗೆದರು, ನಮ್ಮ ಪಿಯು ಅದನ್ನೇ ಅನುಸರಿಸುವುದರಿಂದ ನಮಗೂ ಹೋಯಿತು. ಹೊರೆ ಇಳಿಸಿದ್ದು ಸರಿಯೇ ಇರಬಹುದು. ಆದರೆ ಕೆಮಿಸ್ಟ್ರಿ ಓದಿದರೆ ಮದ್ದು ಮಾಡಬಹುದು ಅಂತ ಹದಿನೇಳು ವರ್ಷದ ಮಕ್ಕಳಿಗೆ ನೇರವಾಗಿ ಹೇಳುತ್ತಿದ್ದ ಪಾಠ ಅದೊಂದೇ ಇತ್ತು. ಪರೀಕ್ಷೆಗೆ ಬೇಡ, ಓದೋಕೆ ಅಂತಲಾದರೂ ವಾಪಸ್ ಕೊಡಿ.

ಈಗ ಡಿಗ್ರಿ. ನಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದ ಸರ್ಕಾರಿ ಕಾಲೇಜಿನಲ್ಲಿ ವಿಚಾರಿಸಿದೆ. ಕೆಮಿಸ್ಟ್ರಿ ಇರುವ ಕಾಂಬಿನೇಷನ್ ಈ ವರ್ಷ ನಡೆಯೋದು ಡೌಟು ಅಂದರು. ಕಳೆದ ವರ್ಷ ಸೇರಿದವರು ಆರು ಜನ. ಇಷ್ಟು ಕಡಿಮೆ ಆದರೆ ನಡೆಸೋದು ಕಷ್ಟ, ಕಾಮರ್ಸಿಗೆ ಸೀಟು ಇದೆ ನೋಡು ಅಂದರು. ಕಾಯಂ ಉಪನ್ಯಾಸಕರು ಇಲ್ಲ, ಅತಿಥಿ ಉಪನ್ಯಾಸಕರು ಬಂದರೆ ಪಾಠ, ಬರದಿದ್ದರೆ ಇಲ್ಲ. ಶಿವಮೊಗ್ಗಕ್ಕೆ ಹೋಗಬಹುದು. ಸಾಗರದಿಂದ ಸುಮಾರು 70 ಕಿಲೋಮೀಟರ್, ನಮ್ಮ ಊರಿನಿಂದ ಇನ್ನೂ ಜಾಸ್ತಿ, ಹಾಸ್ಟೆಲ್ ಸಿಗಬೇಕು. ನನ್ನನ್ನು ಕಳಿಸುತ್ತಾರೆ, ಅಪ್ಪ ಒಪ್ಪಿದ್ದಾರೆ. ನನ್ನ ಗೆಳತಿಯನ್ನು ಕಳಿಸಲ್ಲ. ಅವಳು ಕೆಮಿಸ್ಟ್ರಿಯಲ್ಲಿ ನನಗಿಂತ ಚುರುಕು, ಆರ್ಗ್ಯಾನಿಕ್ ಕ್ರಿಯೆಗಳನ್ನು ಅವಳು ಬಿಡಿಸಿ ಹೇಳಿದರೇನೇ ನನಗೆ ತಲೆಗೆ ಹೋಗುತ್ತಿತ್ತು. ಅವಳು ಈ ಜೂನಿನಿಂದ ಬಿಕಾಂ.

ವಿಜ್ಞಾನ ಓದೋಕೆ ಅಂತಲೇ ಕೇಂದ್ರ ಸರ್ಕಾರ ಕಟ್ಟಿರುವ ಐಸರ್ ಸಂಸ್ಥೆಗಳು ಇವೆಯಲ್ಲ ಅಂತ ಹೇಳುವವರಿದ್ದಾರೆ. ಇದೆ. ದೇಶದಲ್ಲಿ ಏಳು ಐಸರ್ ಇವೆ, ಕರ್ನಾಟಕದಲ್ಲಿ ಒಂದೂ ಇಲ್ಲ. ಅದಕ್ಕೆ ಬೇರೆಯದೇ ಪರೀಕ್ಷೆ ಇದೆ ಅಂತ ನಮಗೆ ಗೊತ್ತಾಗಿದ್ದೇ ಅರ್ಜಿಯ ಕೊನೆ ದಿನ ಕಳೆದ ಮೇಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಐಐಎಸ್‌ಸಿಯಲ್ಲಿ 2011ರಿಂದ ನಾಲ್ಕು ವರ್ಷದ ಡಿಗ್ರಿ ಇದೆ, ದೇಶದಲ್ಲೇ ಒಳ್ಳೆಯದು, ಸೀಟು ಬಹಳ ಕಡಿಮೆ. ಕೋಚಿಂಗ್ ಇಲ್ಲದೆ ನಮ್ಮ ಊರಿನಿಂದ ಅಲ್ಲಿಗೆ ಹೋದವರನ್ನು ನಾನು ನೋಡಿಲ್ಲ. ನನಗೆ ಅದು ಸಿಗಲಿಲ್ಲ ಅಂತ ದೂರುತ್ತಿಲ್ಲ. ಎಲ್ಲರೂ ಒಂದೇ ಬಾಗಿಲಿನಿಂದ ಹೋಗೋಕೆ ಆಗಲ್ಲ, ತಾಲೂಕಿನ ಬಾಗಿಲೂ ತೆರೆದಿರಬೇಕು ಅಂತ ಹೇಳುತ್ತಿದ್ದೇನೆ.

ಅದೇ ಐಐಎಸ್‌ಸಿಗೆ 1933ರಲ್ಲಿ ಮುಂದೆ ಬಯೋಕೆಮಿಸ್ಟ್ ಆದ ಕಮಲಾ ಸೊಹೊನಿ ಬಂದಾಗ ಹೆಣ್ಣು ಅನ್ನುವ ಕಾರಣಕ್ಕೆ ಆಗಿನ ನಿರ್ದೇಶಕ ಸರ್ ಸಿ. ವಿ. ರಾಮನ್ ಸೇರಿಸಿಕೊಳ್ಳಲಿಲ್ಲ. ಅವರು ಬಿಡಲಿಲ್ಲ. ಷರತ್ತು ಹಾಕಿ ಒಳಗೆ ಬಿಟ್ಟರು. ಒಂದು ವರ್ಷ ಅವರ ಕೆಲಸ ನೋಡಿದ ಮೇಲೆ ರಾಮನ್ ಮನಸ್ಸು ಬದಲಾಯಿತು, ಮುಂದೆ ಹುಡುಗಿಯರಿಗೆ ಅಲ್ಲಿ ಜಾಗ ಸಿಕ್ಕಿತು. ಕಮಲಾ ಅವರು ಕೇಂಬ್ರಿಜ್‌ಗೆ ಹೋಗಿ 1939ರಲ್ಲಿ ಪಿಎಚ್‌ಡಿ ಪಡೆದರು. ನನ್ನ ಗೆಳತಿಗೆ ಯಾರೂ ಬೇಡ ಅಂದಿಲ್ಲ. ಹತ್ತಿರದಲ್ಲಿ ಕ್ಲಾಸ್ ಇಲ್ಲ ಅಷ್ಟೇ. ಅವಳ ಮಟ್ಟಿಗೆ ಎರಡೂ ಒಂದೇ ಆಯಿತು.

ಮದ್ದು ಹುಡುಕೋದು ಕಂಪನಿಗಳ ಕೆಲಸ, ಸರ್ಕಾರ ಯಾಕೆ ಖರ್ಚು ಮಾಡಬೇಕು ಅಂತಲೂ ಕೇಳಬಹುದು. ಒಂದು ಹೊಸ ಮದ್ದು ಲ್ಯಾಬಿನಿಂದ ಅಂಗಡಿಗೆ ಬರೋಕೆ ಹತ್ತು ಹದಿನೈದು ವರ್ಷ ಬೇಕು. ಸಾವಿರಾರು ಅಣುಗಳನ್ನು ಮಾಡಿ ನೋಡಬೇಕು, ಒಂದು ಕಡೆ ಒಂದು ಗುಂಪು ಬದಲಿಸಿ ಮತ್ತೆ ನೋಡಬೇಕು. ನೀರಿನಲ್ಲಿ ಕರಗುತ್ತಾ, ಲಿವರಿಗೆ ವಿಷ ಆಗುತ್ತಾ, ಪ್ರಾಣಿಗಳಲ್ಲಿ ಏನಾಗುತ್ತದೆ, ಆಮೇಲೆ ಮನುಷ್ಯರಲ್ಲಿ ಮೂರು ಹಂತದ ಪರೀಕ್ಷೆ. ಇಷ್ಟು ಖರ್ಚು ಮಾಡಿದವರು ಕೊಳ್ಳುವವರು ಎಷ್ಟು ಜನ ಅಂತ ನೋಡುತ್ತಾರೆ. ಮಂಗನ ಕಾಯಿಲೆ ಬರುವುದು ಪಶ್ಚಿಮ ಘಟ್ಟದ ಕಾಡಂಚಿನ ಜನರಿಗೆ, ಅದರಲ್ಲೂ ವರ್ಷಕ್ಕೆ ಕೆಲವು ನೂರು ಜನರಿಗೆ. ಕ್ಷಯ, ಮಲೇರಿಯಾದಂಥ ದೊಡ್ಡ ರೋಗಗಳಿಗೇ ಕಂಪನಿಗಳು ನಿಲ್ಲಲ್ಲ. ಆ ರೋಗಗಳಿಗೆ ಮದ್ದು ಹುಡುಕುತ್ತಿದ್ದ ಆಸ್ಟ್ರಾಜೆನೆಕಾದ ಬೆಂಗಳೂರಿನ ಸಂಶೋಧನಾ ಕೇಂದ್ರವನ್ನು ಕಂಪನಿ 2014ರಲ್ಲಿ ಮುಚ್ಚುತ್ತೇವೆ ಅಂತ ಹೇಳಿತು. ನಮ್ಮ ರೋಗಕ್ಕೆ ಯಾರು ಬರುತ್ತಾರೆ? ಜನರ ದುಡ್ಡಿನಿಂದಲೇ ಆಗಬೇಕು. ಆಗಿದೆ ಕೂಡ. ಲಖನೌದಲ್ಲಿ 1951ರಲ್ಲಿ ಶುರುವಾದ ಕೇಂದ್ರ ಔಷಧ ಸಂಶೋಧನಾ ಸಂಸ್ಥೆ ಸರ್ಕಾರದ್ದು. ಸಹೇಲಿ ಅನ್ನುವ ಗರ್ಭನಿರೋಧಕ ಮಾತ್ರೆ ಅಲ್ಲಿ ಹುಟ್ಟಿದ್ದು.

ದೊಡ್ಡ ಕಟ್ಟಡ ಬೇಕು ಅಂತ ನಾನು ಕೇಳುತ್ತಿಲ್ಲ. ಕಾಲಾ ಅಜಾರ್ ಅಂತ ಒಂದು ಜ್ವರ ಬಂಗಾಳ, ಅಸ್ಸಾಮಿನಲ್ಲಿ ಊರಿಗೆ ಊರನ್ನೇ ಕೊಲ್ಲುತ್ತಿದ್ದಾಗ ಉಪೇಂದ್ರನಾಥ ಬ್ರಹ್ಮಚಾರಿ ಅದಕ್ಕೆ ಯೂರಿಯಾ ಸ್ಟಿಬಮೀನ್ ಅನ್ನುವ ಮದ್ದು ಮಾಡಿದರು, 1920ರ ಆಸುಪಾಸಿನಲ್ಲಿ. ಮಾಡಿದ್ದು ಕಲ್ಕತ್ತಾದ ಆಸ್ಪತ್ರೆಯ ಒಂದು ಸಣ್ಣ ಕೋಣೆಯಲ್ಲಿ. ಗ್ಯಾಸ್ ಇರಲಿಲ್ಲ, ನಲ್ಲಿ ನೀರು ಇರಲಿಲ್ಲ, ಸೀಮೆಎಣ್ಣೆ ದೀಪ ಇತ್ತು. ಅವರು ಡಾಕ್ಟರ್ ಆಗಿದ್ದರು, ಅದಕ್ಕೂ ಮೊದಲು ಕೆಮಿಸ್ಟ್ರಿಯಲ್ಲಿ ಎಂಎ ಮಾಡಿದ್ದರು. ಇದನ್ನು ಓದಿದಾಗೆಲ್ಲ ನನಗೆ ಆ ಕೋಣೆ ಕಣ್ಣಿಗೆ ಬರುತ್ತದೆ. ಕೋಣೆ ಸಣ್ಣದು, ಆದರೆ ರಾತ್ರಿ ಹತ್ತು ಗಂಟೆಗೂ ಅವರು ಅದರ ಒಳಗೆ ಇರೋಕೆ ಆಗುತ್ತಿತ್ತು.

ಹಾಗಾಗಿ ನಾನು ಕೇಳುವುದು ಇಷ್ಟು. ಪಿಯು ಕಾಲೇಜಿನ ಲ್ಯಾಬಿಗೆ ಒಬ್ಬ ಅಟೆಂಡರನ್ನು ಕೊಡಿ. ವರ್ಷಕ್ಕೆ ಬೇಕಾದ ಕೆಮಿಕಲ್, ಗಾಜಿನ ಸಾಮಾನು ಜೂನ್ ತಿಂಗಳಲ್ಲೇ ಬರಲಿ, ಪರೀಕ್ಷೆಗೆ ಮೂರು ವಾರ ಇರುವಾಗ ಅಲ್ಲ. ಒಡೆದರೆ ಲೆಕ್ಚರರ್ ಜೇಬಿನಿಂದ ಕಟ್ಟಬೇಕು ಅನ್ನುವ ಭಯ ತೆಗೆಯಿರಿ, ಮಕ್ಕಳು ಕಲಿಯುವಾಗ ಟೆಸ್ಟ್ ಟ್ಯೂಬ್ ಒಡೆದೇ ಒಡೆಯುತ್ತದೆ. ಪ್ರತಿ ವಾರ ಲ್ಯಾಬ್ ತೆರೆದಿತ್ತಾ, ಎಷ್ಟು ಮಕ್ಕಳು ಕೈಯಾರೆ ಪ್ರಯೋಗ ಮಾಡಿದರು ಅಂತ ನೋಟಿಸ್ ಬೋರ್ಡಿನಲ್ಲಿ ಹಾಕಿಸಿ, ಅಪ್ಪ ಅಮ್ಮಂದಿರು ಬಂದು ನೋಡಲಿ. ಡಿಗ್ರಿಯಲ್ಲಿ ಆರು ಜನ ಬಂದರೂ ಕೆಮಿಸ್ಟ್ರಿ ಕ್ಲಾಸು ನಡೆಯಲಿ. 2021ರಲ್ಲಿ ಡಿಗ್ರಿ ನಾಲ್ಕು ವರ್ಷ ಆಯಿತು, 2024ರಲ್ಲಿ ಮತ್ತೆ ಮೂರು ವರ್ಷ ಆಯಿತು, ವರ್ಷ ಎಷ್ಟಾದರೂ ಇರಲಿ, ಕಲಿಸುವವರು ಕಾಯಂ ಇರಲಿ.

ಇನ್ನೊಂದು ದೊಡ್ಡ ಆಸೆ. ನಮ್ಮ ಜಿಲ್ಲೆಯಲ್ಲೇ, ಶಂಕರಘಟ್ಟದಲ್ಲಿ, ಕುವೆಂಪು ವಿಶ್ವವಿದ್ಯಾಲಯ ಇದೆ. ಅಲ್ಲಿ ಕೆಮಿಸ್ಟ್ರಿ ವಿಭಾಗ ಇದೆ. ಮಂಗನ ಕಾಯಿಲೆಯ ಮದ್ದಿಗೆ ಅಂತಲೇ ಅಲ್ಲಿ ಒಂದು ತಂಡ ಕಟ್ಟಿ. ಈ ವೈರಸ್ಸನ್ನು ಇಲ್ಲಿ ಇಟ್ಟುಕೊಳ್ಳೋಕೆ ಆಗಲ್ಲ, ಅದಕ್ಕೆ ತುಂಬಾ ಬಿಗಿ ಭದ್ರತೆಯ ಲ್ಯಾಬ್ ಬೇಕು, ಅದು ಪುಣೆಯ ವೈರಾಣು ಸಂಸ್ಥೆಯಲ್ಲಿದೆ. ಆದರೆ ಅಣು ಮಾಡೋಕೆ ವೈರಸ್ ಬೇಕಾಗಿಲ್ಲ. ಶಂಕರಘಟ್ಟದಲ್ಲಿ ಅಣು ಮಾಡಿ ಪುಣೆಗೆ ಕಳಿಸಬಹುದು, ಅಲ್ಲಿ ಪರೀಕ್ಷೆ ಮಾಡಿ ಹೇಳುತ್ತಾರೆ, ಯಾವುದು ಸ್ವಲ್ಪ ಕೆಲಸ ಮಾಡಿತೋ ಅದನ್ನು ಬದಲಿಸಿ ಮತ್ತೆ ಕಳಿಸಬಹುದು. ಬೇಸಿಗೆ ರಜೆಯಲ್ಲಿ ಅಲ್ಲಿಗೆ ನಮ್ಮಂಥ ಪಿಯು ಮಕ್ಕಳನ್ನು ಹತ್ತು ದಿನ ಕರೆಸಿ. ಫ್ಲಾಸ್ಕ್ ತೊಳೆಯೋಕೆ ಹೇಳಿದರೂ ಸಂತೋಷದಿಂದ ತೊಳೆಯುತ್ತೇವೆ.

ಶಿವಮೊಗ್ಗದ ಕಾಲೇಜಿನ ಅರ್ಜಿ ತುಂಬಿದ್ದೇನೆ. ಸೋಮವಾರ ಅಪ್ಪನ ಜೊತೆ ಹೋಗಿ ಕೊಟ್ಟು ಬರುತ್ತೇನೆ. ಗೆಳತಿಯ ಅಪ್ಪ ಇನ್ನೂ ಬಿಕಾಂ ಫೀಸ್ ಕಟ್ಟಿಲ್ಲ, ಕಟ್ಟೋಕೆ ಈ ತಿಂಗಳ ಕೊನೆ ತನಕ ಸಮಯ ಇದೆ. ಹತ್ತಿರದ ಕಾಲೇಜಿನಲ್ಲಿ ಕೆಮಿಸ್ಟ್ರಿ ನಡೆಯುತ್ತದೆ ಅಂತ ಅಷ್ಟರೊಳಗೆ ಒಂದು ಆದೇಶ ಬಂದರೆ ಅವಳ ಮನೆಗೆ ನಾನೇ ಹೋಗಿ ಹೇಳುತ್ತೇನೆ.

ಇಂತಿ,
ಸಾಗರ ತಾಲೂಕಿನ ಒಬ್ಬ ವಿದ್ಯಾರ್ಥಿನಿ